ಬ್ರೇಡಿ ಹೋದ ಮೇಲೂ ಪೇಟ್ರಿಯಟ್ಸ್ ಲೆಕ್ಕದಲ್ಲಿ 1.35 ಕೋಟಿ ಡಾಲರ್ ಯಾಕೆ?

ಅಮೆರಿಕನ್ ಫುಟ್‌ಬಾಲ್ ತಂಡ ಪೇಟ್ರಿಯಟ್ಸ್‌ನಲ್ಲಿ 20 ಸೀಸನ್ ಆಡಿ ಫ್ರೀ ಏಜೆಂಟ್ (ಒಪ್ಪಂದ ಮುಗಿದು ಯಾವ ತಂಡಕ್ಕಾದರೂ ಸೇರಬಹುದಾದ ಆಟಗಾರ) ಆಗಿ ಹೊರಟ ಟಾಮ್ ಬ್ರೇಡಿ ಹೆಸರಲ್ಲಿ 2020ರಲ್ಲೂ ಆ ತಂಡಕ್ಕೆ 1.35 ಕೋಟಿ ಡಾಲರ್ ಹೊರೆ ಹೇಗೆ ಬಂತು ಅಂತ ಕೇಳಿದ್ದೀರಿ. ಅದು ಹೊಸದಾಗಿ ಕೊಟ್ಟ ದುಡ್ಡಲ್ಲ, ಆಗಲೇ ಕೊಟ್ಟಾಗಿದ್ದು.

2019ರ ಆಗಸ್ಟ್‌ನಲ್ಲಿ ಒಪ್ಪಂದ ತಿದ್ದಿದಾಗ 2.025 ಕೋಟಿ ಸೈನಿಂಗ್ ಬೋನಸ್ (ಒಪ್ಪಂದಕ್ಕೆ ಸಹಿ ಹಾಕಿದ್ದಕ್ಕೆ ಕೊಡುವ ದುಡ್ಡು) ಇತ್ತು. ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್ ನಿಯಮದಂತೆ ಈ ಬೋನಸ್ಸನ್ನು ಒಪ್ಪಂದದ ವರ್ಷಗಳಿಗೆ, ಹೆಚ್ಚೆಂದರೆ 5ಕ್ಕೆ, ಸಮನಾಗಿ ಹಂಚಿ ಸ್ಯಾಲರಿ ಕ್ಯಾಪ್‌ನಲ್ಲಿ (ತಂಡ ಆಟಗಾರರಿಗೆ ವರ್ಷಕ್ಕೆ ಖರ್ಚು ಮಾಡಬಹುದಾದ ಮಿತಿ) ತೋರಿಸುತ್ತಾರೆ. ಅದಕ್ಕೇ 2020, 2021ನ್ನು ಕಾಗದದ ಮೇಲೆ ಸೇರಿಸಿದರು, 2019 ಸೇರಿ ಮೂರಕ್ಕೆ ಹಂಚಿದಾಗ ವರ್ಷಕ್ಕೆ 67.5 ಲಕ್ಷ ಬಂತು. ಆ ಎರಡು ವರ್ಷ ಆಡುವುದಕ್ಕಲ್ಲ, 2020ರ ಮಾರ್ಚ್‌ನಲ್ಲಿ ತಾವಾಗಿಯೇ ರದ್ದಾಗುವಂಥವು. ರದ್ದಾದ ಕೂಡಲೇ ಉಳಿದ ಎರಡೂ ಕಂತು ಒಟ್ಟಿಗೆ 2020ರ ತಲೆಗೆ ಬಿದ್ದವು. ಆ ವರ್ಷದ ಕ್ಯಾಪ್ 19.82 ಕೋಟಿ. ಅದರಲ್ಲಿ ಸುಮಾರು ಶೇ 7ರಷ್ಟು ತಂಡದಲ್ಲೇ ಇಲ್ಲದ ಆಟಗಾರನಿಗೆ! ರದ್ದಾಗುವ ಮೊದಲೇ ಒಪ್ಪಂದ ಮುಂದುವರಿಸಿದ್ದರೆ ಈ ಬಾಬ್ತು 67.5 ಲಕ್ಷಕ್ಕೆ ನಿಲ್ಲುತ್ತಿತ್ತು.

ಫ್ರಾಂಚೈಸ್ ಟ್ಯಾಗ್ (ಒಪ್ಪಂದ ಮುಗಿದ ಆಟಗಾರನನ್ನು ಇನ್ನೊಂದು ವರ್ಷ ಉಳಿಸಿಕೊಳ್ಳಲು ತಂಡಕ್ಕಿರುವ ಹಕ್ಕು) ಹಾಕಿ ಹಿಡಿದಿಟ್ಟುಕೊಳ್ಳುವ ದಾರಿಯೂ ಇರಲಿಲ್ಲ. ಟ್ಯಾಗ್ ಹಾಕಬಾರದು ಅನ್ನೋ ಷರತ್ತು ಅದೇ ಒಪ್ಪಂದದಲ್ಲಿತ್ತು. ನನ್ನ ಪ್ರಕಾರ ಅವರ ನಿರ್ಗಮನ ಅಂದೇ ಅರ್ಧ ತೀರ್ಮಾನವಾಗಿತ್ತು. ಟ್ಯಾಂಪಾ ಬೇ ತಂಡ 2 ವರ್ಷಕ್ಕೆ 5 ಕೋಟಿ ಕೊಟ್ಟು ಕರೆಸಿಕೊಂಡಿತು. ಪೇಟ್ರಿಯಟ್ಸ್‌ಗೆ ಪರಿಹಾರವಾಗಿ ಸಿಕ್ಕಿದ್ದು 2021ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆ) ಮೂರನೇ ಸುತ್ತಿನ ಒಂದು ಆಯ್ಕೆ.