ಒಂದೇ ಬೆಳಿಗ್ಗೆ, ಎರಡು ಲ್ಯಾಬು, ಎರಡು ಶುಗರ್: ಯಾವುದನ್ನು ನಂಬೋದು?

ಆಮೇಲೆ ಓದುವವರಿಗಾಗಿ ನಿಮ್ಮ ಪ್ರಶ್ನೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ನೀವಿರುವುದು ತಾಲೂಕು ಕೇಂದ್ರದಲ್ಲಿ. ತಾಯಿಗೆ ಸಕ್ಕರೆ ಕಾಯಿಲೆ, ಜೊತೆಗೆ ಥೈರಾಯ್ಡ್, ಬಿಪಿ. ಬಸ್‌ಸ್ಟ್ಯಾಂಡ್ ಹತ್ತಿರದ ಸಣ್ಣ ಲ್ಯಾಬಿನಲ್ಲಿ ಖಾಲಿ ಹೊಟ್ಟೆ ಶುಗರ್ 142 ಬಂತು. ಅರ್ಧ ಗಂಟೆ ಬಿಟ್ಟು ದೊಡ್ಡ ಕಂಪನಿಯೊಂದರ ಕಲೆಕ್ಷನ್ ಸೆಂಟರಿನಲ್ಲೂ ರಕ್ತ ಕೊಡಿಸಿದಿರಿ. ಸಂಜೆ ಮೊಬೈಲಿಗೆ ಬಂದ ರಿಪೋರ್ಟಿನಲ್ಲಿ 118. ಅವರು ದುಡ್ಡು ಜಾಸ್ತಿ ತಗೊಂಡಿದ್ದಾರೆ, ರಿಪೋರ್ಟೂ ಬಣ್ಣಬಣ್ಣದ್ದು. ಹಾಗಾದರೆ ಸಣ್ಣ ಲ್ಯಾಬಿನದು ತಪ್ಪಾ, ಇನ್ನು ಮೇಲೆ ಎಲ್ಲದಕ್ಕೂ ದೊಡ್ಡವರ ಹತ್ತಿರವೇ ಹೋಗಬೇಕಾ ಅಂತ ಕೇಳಿದ್ದೀರಿ.

ನಾನು ಜಿಲ್ಲಾ ಕೇಂದ್ರವೊಂದರ ಆಸ್ಪತ್ರೆ ಲ್ಯಾಬಿನಲ್ಲಿ ಬಯೋಕೆಮಿಸ್ಟ್ರಿ ವಿಭಾಗ ನೋಡಿಕೊಳ್ಳುತ್ತೇನೆ. ನಿಮ್ಮ ಎರಡು ಅಂಕಿ ಓದಿದಾಗ ನನಗೆ ಮೊದಲು ಅನುಮಾನ ಬಂದಿದ್ದು 118ರ ಮೇಲೆ.

ಯಾಕೆ ಅಂದರೆ, ಸಿರಿಂಜಿಗೆ ಬಂದ ಮೇಲೂ ರಕ್ತದ ಕಣಗಳು ಬದುಕಿರುತ್ತವೆ. ಅವು ಸಕ್ಕರೆ ತಿನ್ನುತ್ತಲೇ ಇರುತ್ತವೆ. ಕಣ ಬೇರ್ಪಡಿಸದೆ ಹಾಗೇ ಇಟ್ಟ ರಕ್ತದಲ್ಲಿ ಗ್ಲೂಕೋಸು ಗಂಟೆಗೆ ಶೇಕಡಾ 5ರಿಂದ 7ರಷ್ಟು ಇಳಿಯುತ್ತದೆ. 142ರಿಂದ ಶುರು ಮಾಡಿ ಗಂಟೆಗೆ ಶೇ. 6 ಕಳೆಯುತ್ತಾ ಹೋಗಿ. ಮೂರು ಗಂಟೆ ಕಳೆದಾಗ ಸರಿಯಾಗಿ 118ಕ್ಕೆ ಬರುತ್ತೀರಿ. ನಿಮ್ಮ ವಿಷಯದಲ್ಲಿ ಇದೇ ಆಗಿದೆ ಅಂತ ನಾನು ಇಲ್ಲಿ ಕೂತು ಹೇಳಲಾರೆ. ಆದರೆ ನಿಮ್ಮ ಊರಿನಲ್ಲಿ ತೆಗೆದ ರಕ್ತ ಬೈಕಿನಲ್ಲೋ ಬಸ್ಸಿನಲ್ಲೋ ಜಿಲ್ಲಾ ಕೇಂದ್ರಕ್ಕೆ, ಅಲ್ಲಿಂದ ಬೆಂಗಳೂರಿಗೆ ಹೋಗಿದ್ದರೆ ಮೂರು ಗಂಟೆ ಏನೂ ಜಾಸ್ತಿ ಅಲ್ಲ. ಸಣ್ಣ ಲ್ಯಾಬಿನವರು ರಕ್ತ ತೆಗೆದು ಅಲ್ಲೇ ಹಿಂದಿನ ಕೋಣೆಯಲ್ಲಿ ಅರ್ಧ ಗಂಟೆಯೊಳಗೆ ಗಿರಗಿರ ತಿರುಗಿಸಿ, ಕಣ ಬೇರ್ಪಡಿಸಿ, ಮೆಷಿನ್ನಿಗೆ ಹಾಕಿರುತ್ತಾರೆ.

ಇದು ಸುಮ್ನೆ ಅಂಕಿ ಆಟ ಅಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ ಖಾಲಿ ಹೊಟ್ಟೆಯದು ಸಾಮಾನ್ಯವಾಗಿ 130ರ ಒಳಗಿರಲಿ ಅಂತಾರೆ. 118 ನೋಡಿದ ಡಾಕ್ಟರು ಅದೇ ಮಾತ್ರೆ ಮುಂದುವರಿಸಿ ಅಂತ ಕಳಿಸುತ್ತಾರೆ. 142 ನೋಡಿದವರು ಯೋಚನೆ ಮಾಡುತ್ತಾರೆ.

ಕಲೆಕ್ಷನ್ ಸೆಂಟರಿನಲ್ಲಿ ಯಾವ ಬಣ್ಣದ ಮುಚ್ಚಳದ ಟ್ಯೂಬಿಗೆ ರಕ್ತ ಹಾಕಿದರು, ನೆನಪಿದೆಯಾ? ಶುಗರ್‌ಗೆ ಬೂದು ಬಣ್ಣದ ಮುಚ್ಚಳದ್ದು ಇರಬೇಕು. ಅದರಲ್ಲಿ ಫ್ಲೋರೈಡ್ ಇರುತ್ತದೆ, ಅದು ಕಣಗಳು ಸಕ್ಕರೆ ತಿನ್ನುವುದನ್ನು ತಡೆಯುತ್ತದೆ. ಪೂರ್ತಿ ಹಿಡಿತಕ್ಕೆ ಬರಲು ಅದಕ್ಕೂ ಒಂದೆರಡು ಗಂಟೆ ಬೇಕು, ಅಷ್ಟರಲ್ಲಿ ಸ್ವಲ್ಪ ಇಳಿದೇ ಇರುತ್ತದೆ. ಆಮೇಲೆ ಗಟ್ಟಿಯಾಗಿ ನಿಲ್ಲುತ್ತದೆ. ಎಲ್ಲಾ ಪರೀಕ್ಷೆಗೂ ಒಂದೇ ಟ್ಯೂಬಿಗೆ ಹಾಕಿ ಕಳಿಸಿದ್ದರೆ ಆ ಶುಗರ್ ರಿಪೋರ್ಟನ್ನು ನಾನಂತೂ ಪಕ್ಕಕ್ಕಿಡುತ್ತೇನೆ.

ಹಾಗಂತ ಸಣ್ಣ ಲ್ಯಾಬೇ ಯಾವಾಗಲೂ ಸರಿ ಅಂತಲ್ಲ. ಥೈರಾಯ್ಡಿನ ಟಿಎಸ್‌ಎಚ್ ವಿಷಯದಲ್ಲಿ ನನ್ನ ಮಾತು ಉಲ್ಟಾ. ಕಣ ಬೇರ್ಪಡಿಸಿದ ಮೇಲೆ ಉಳಿಯುವ ತಿಳಿ ದ್ರವದಲ್ಲಿ, ಅಂದರೆ ಸೀರಮ್ಮಿನಲ್ಲಿ, ಟಿಎಸ್‌ಎಚ್ ಫ್ರಿಜ್ಜಿನ ತಂಪಿನಲ್ಲಿ ಹಲವು ದಿನ ಕೆಡುವುದಿಲ್ಲ. ಅದನ್ನು ಚೆನ್ನಾಗಿ ಮಾಡುವ ಮೆಷಿನ್ನು ದುಬಾರಿ, ಕಿಟ್ಟೂ ದುಬಾರಿ. ದಿನಕ್ಕೆ ನಾಲ್ಕು ಟಿಎಸ್‌ಎಚ್ ಬರುವ ಲ್ಯಾಬಿಗೆ ಅದು ಗಿಟ್ಟುವುದಿಲ್ಲ. ದಿನಕ್ಕೆ ಸಾವಿರ ಬರುವ ಕಡೆ ಅದೇ ಪರೀಕ್ಷೆ ಅಗ್ಗ, ಒಳ್ಳೆಯದೂ ಹೌದು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಕೂಡ ಹಾಗೇ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ತಂಪಾಗಿ ಕಳಿಸಿದರೆ ಬೆಂಗಳೂರು ತಲುಪುವಷ್ಟರಲ್ಲಿ ಅದಕ್ಕೇನೂ ಆಗುವುದಿಲ್ಲ.

ಅದಕ್ಕೇ ನಾನು ಲ್ಯಾಬನ್ನು ಆರಿಸುವುದಿಲ್ಲ, ಪರೀಕ್ಷೆಯನ್ನು ಹಂಚುತ್ತೇನೆ. ಶುಗರ್, ಪೊಟ್ಯಾಶಿಯಂ, ಮೂತ್ರ ಪರೀಕ್ಷೆ, ಇಎಸ್‌ಆರ್ (ರಕ್ತಕಣ ಕೆಳಗಿಳಿಯುವ ವೇಗ), ಜ್ವರ ಬಂದಾಗಿನ ಪ್ಲೇಟ್‌ಲೆಟ್, ಇವನ್ನು ಊರಿನಲ್ಲೇ ಮಾಡಿಸಿ. ಟಿಎಸ್‌ಎಚ್, ಎಚ್‌ಬಿಎ1ಸಿ, ವಿಟಮಿನ್ನುಗಳು ದೂರ ಹೋಗಲಿ. ಮೂತ್ರ ಎರಡು ಗಂಟೆಯೊಳಗೆ ನೋಡಬೇಕಾದ್ದು, ಊರು ದಾಟಿದರೆ ಕೆಲಸಕ್ಕೆ ಬಾರದು. ಪೊಟ್ಯಾಶಿಯಂ ಬಗ್ಗೆ ನಿಮಗೆ ಬೇರೆಯಾಗಿಯೇ ಹೇಳಬೇಕು, ತಾಯಿ ಬಿಪಿ ಮಾತ್ರೆ ತಗೊಳ್ಳುತ್ತಾರಲ್ವಾ. ಟೆಲ್ಮಿಸಾರ್ಟಾನ್ ತರಹದ ಮಾತ್ರೆಯಲ್ಲಿ ಪೊಟ್ಯಾಶಿಯಂ ಏರಬಹುದು ಅಂತ ಡಾಕ್ಟರು ಪರೀಕ್ಷೆ ಬರೆಯುತ್ತಾರೆ. ಕಣ ಬೇರ್ಪಡಿಸದ ರಕ್ತವನ್ನು ಐಸ್ ಪೆಟ್ಟಿಗೆಯಲ್ಲಿ ಗಂಟೆಗಟ್ಟಲೆ ಇಟ್ಟರೆ ಕಣದೊಳಗಿನ ಪೊಟ್ಯಾಶಿಯಂ ಹೊರಗೆ ಸೋರುತ್ತದೆ. ಸಣ್ಣ ಸೂಜಿಯಲ್ಲಿ ಜೋರಾಗಿ ಎಳೆದು ಕಣ ಒಡೆದರೂ ಅಷ್ಟೇ. ರಿಪೋರ್ಟಿನಲ್ಲಿ 6 ಬರುತ್ತದೆ, ರೋಗಿ ಆರಾಮಾಗಿ ಮನೆಯಲ್ಲಿ ರೊಟ್ಟಿ ಬಡಿಯುತ್ತಾ ಇರುತ್ತಾರೆ. ಮನೆಯವರು ಗಾಬರಿಯಾಗಿ ಕಾರು ಮಾಡಿಕೊಂಡು ನಮ್ಮಲ್ಲಿಗೆ ಬರುತ್ತಾರೆ. ಹೊಸದಾಗಿ ರಕ್ತ ತೆಗೆದರೆ 4.4, ಪೂರ್ತಿ ಮಾಮೂಲಿ. ಇಂಥವನ್ನು ನಾನು ಸಾಕಷ್ಟು ನೋಡಿದ್ದೇನೆ.

ಲ್ಯಾಬಿನ ತಪ್ಪುಗಳಲ್ಲಿ ಹೆಚ್ಚಿನವು ಮೆಷಿನ್ನಿಗೆ ಹೋಗುವ ಮೊದಲೇ ಆಗಿರುತ್ತವೆ. ತಪ್ಪು ಟ್ಯೂಬು, ತಪ್ಪು ಹೆಸರು, ತಡ, ಬಿಸಿಲು. ಜಾಹೀರಾತಿನಲ್ಲಿ ಮಾತ್ರ ಮೆಷಿನ್ನಿನ ಫೋಟೋ ಇರುತ್ತದೆ.

ಈಗ ದುಡ್ಡಿನ ವಿಷಯ. ಶುಗರ್ ಪರೀಕ್ಷೆಯ ದ್ರಾವಣಕ್ಕೆ ಕೆಲವೇ ರೂಪಾಯಿ ಸಾಕು. ಉಳಿದ ದುಡ್ಡು ಎಲ್ಲಿಗೆ ಹೋಗುತ್ತೆ? ಬಾಡಿಗೆ, ಸಂಬಳ, ಕರೆಂಟು, ಟ್ಯೂಬು ಇದ್ದೇ ಇದೆ. ಇವುಗಳ ಜೊತೆಗೆ ಕಂಟ್ರೋಲ್ ಅಂತ ಒಂದಿದೆ. ಇಷ್ಟೇ ಬರಬೇಕು ಅಂತ ಮೊದಲೇ ಗೊತ್ತಿರುವ ಸೀರಮ್ಮು ಅದು. ರೋಗಿಗಳ ರಕ್ತ ಹಾಕುವ ಮೊದಲು ಪ್ರತಿದಿನ ಅದನ್ನು ಮೆಷಿನ್ನಿಗೆ ಹಾಕಿ ನೋಡಬೇಕು. ಸಾಮಾನ್ಯ ಮಟ್ಟದ್ದೊಂದು, ಹೆಚ್ಚಿನ ಮಟ್ಟದ್ದೊಂದು. ಬಂದ ಅಂಕಿಯನ್ನು ಗ್ರಾಫಿನಲ್ಲಿ ಚುಕ್ಕೆ ಇಡಬೇಕು. 1950ರಲ್ಲಿ ಲೆವಿ ಮತ್ತು ಜೆನಿಂಗ್ಸ್ ಅನ್ನುವವರು ಲ್ಯಾಬುಗಳಿಗೆ ತಂದ ಗ್ರಾಫು ಅದು, ಇವತ್ತಿಗೂ ನಮ್ಮ ಗೋಡೆಯ ಮೇಲೆ ಅದೇ ಇದೆ. ಚುಕ್ಕೆ ಗೆರೆ ದಾಟಿದರೆ ಅವತ್ತು ಆ ಪರೀಕ್ಷೆ ನಿಲ್ಲಿಸಿ ಕಾರಣ ಹುಡುಕಬೇಕು.

ತೊಂದರೆ ಏನಂದರೆ, ಬಸ್ಸಿನಲ್ಲಿ ಐದು ಜನ ಕೂತರೂ ಐವತ್ತು ಜನ ಕೂತರೂ ಡೀಸೆಲ್ ಅಷ್ಟೇ ಬೇಕು ನೋಡಿ, ಕಂಟ್ರೋಲಿನ ಖರ್ಚೂ ಹಾಗೇ. ಬಾಟಲಿ ಒಮ್ಮೆ ಕದಡಿದರೆ ಕೆಲವು ದಿನ ಮಾತ್ರ ಬರುತ್ತದೆ, ಉಳಿದರೆ ಚೆಲ್ಲಬೇಕು. ದಿನಕ್ಕೆ ಹತ್ತು ರೋಗಿ ಬರುವ ಲ್ಯಾಬು ಎದುರಿನವರಿಗಿಂತ ಇಪ್ಪತ್ತು ರೂಪಾಯಿ ಕಡಿಮೆ ಮಾಡಬೇಕು ಅಂತ ಹೊರಟರೆ ಮೊದಲು ಕತ್ತರಿ ಬೀಳುವುದು ಇದಕ್ಕೇ. ಯಾಕೆಂದರೆ ಕಂಟ್ರೋಲ್ ಹಾಕದಿದ್ದರೂ ರಿಪೋರ್ಟು ಬರುತ್ತದೆ. ರೋಗಿಗೆ ಗೊತ್ತಾಗುವುದೇ ಇಲ್ಲ.

ಹಾಗಾಗಿ ನಿಮ್ಮ ಸಣ್ಣ ಲ್ಯಾಬಿನವರನ್ನು ಒಂದು ದಿನ ಸಮಾಧಾನವಾಗಿ ಕೇಳಿ. 'ಸರ್, ದಿನಾ ಕಂಟ್ರೋಲ್ ಹಾಕ್ತೀರಾ? ಹೊರಗಿನ ಸ್ಯಾಂಪಲ್ ಯಾರಿಂದ ತರಿಸ್ತೀರಾ?' ಹೊರಗಿನದು ಅಂದರೆ, ಉತ್ತರ ಗೊತ್ತಿಲ್ಲದ ಸ್ಯಾಂಪಲ್ ತರಿಸಿಕೊಂಡು, ಪರೀಕ್ಷೆ ಮಾಡಿ, ಅಂಕಿ ಕಳಿಸಿ, ಬೇರೆ ಲ್ಯಾಬುಗಳ ಜೊತೆ ಹೋಲಿಸಿಕೊಳ್ಳುವ ವ್ಯವಸ್ಥೆ. ಬಯೋಕೆಮಿಸ್ಟ್ರಿಗೆ ವೆಲ್ಲೂರಿನ ಸಿಎಂಸಿ ಆಸ್ಪತ್ರೆ ನಡೆಸುವುದು ಬಹಳ ಹೆಸರಾದದ್ದು, ನಮ್ಮ ಕಡೆಯ ಎಷ್ಟೋ ಲ್ಯಾಬುಗಳು ಅದರಲ್ಲಿವೆ. ಆ ಟೆಕ್ನೀಷಿಯನ್ ಮುಖ ಅರಳಿಸಿಕೊಂಡು ಗ್ರಾಫು ತೋರಿಸಿದರೆ ಕಣ್ಣು ಮುಚ್ಚಿ ಅಲ್ಲಿಗೇ ಹೋಗಿ. 'ಅದೆಲ್ಲಾ ನಿಮಗ್ಯಾಕೆ' ಅಂದರೂ ನಿಮಗೆ ಉತ್ತರ ಸಿಕ್ಕ ಹಾಗೇ.

ಎನ್‌ಎಬಿಎಲ್ ಚಿಹ್ನೆ ಬಗ್ಗೆಯೂ ಕೇಳಿದ್ದೀರಿ. ಐಎಸ್‌ಒ 15189 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಲ್ಯಾಬನ್ನು ಪರಿಶೀಲಿಸಿ ಕೊಡುವ ಮಾನ್ಯತೆ ಅದು. ಒಳ್ಳೆಯದೇ. ಅದಕ್ಕಾಗಿ ಪಡುವ ಪಾಡು ನನಗೆ ಗೊತ್ತು. ಆದರೆ ಅದು ಕಡ್ಡಾಯ ಅಲ್ಲ. ಸಿಗುವುದು ಕಂಪನಿಯ ಹೆಸರಿಗಲ್ಲ, ಒಂದು ವಿಳಾಸದಲ್ಲಿರುವ ಲ್ಯಾಬಿಗೆ, ಅದರಲ್ಲೂ ಪಟ್ಟಿಯಲ್ಲಿರುವ ಪರೀಕ್ಷೆಗಳಿಗೆ. ಪಟ್ಟಿಯ ಹೊರಗಿನ ಪರೀಕ್ಷೆಗೆ ರಿಪೋರ್ಟಿನಲ್ಲಿ ಗುರುತು ಹಾಕಿರಬೇಕು, ಕೆಳಗೆ ಸಣ್ಣ ಅಕ್ಷರದಲ್ಲಿ ಹುಡುಕಿ. ಕಡ್ಡಾಯ ಇರುವುದು ಕೆಪಿಎಂಇ, ಅಂದರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ನೋಂದಣಿ. 2007ರ ಕರ್ನಾಟಕ ಕಾಯ್ದೆ ಪ್ರಕಾರ ಖಾಸಗಿ ಲ್ಯಾಬುಗಳೂ ಅದನ್ನು ಮಾಡಿಸಲೇಬೇಕು. ಆ ಸರ್ಟಿಫಿಕೇಟೇ ಇಲ್ಲದ ಕಡೆ ರಕ್ತ ಕೊಡಬೇಡಿ.

ಸಹಿ ವಿಷಯ ಸ್ವಲ್ಪ ಸಂಕಟದ್ದು. 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಪೆಥಾಲಜಿಯಲ್ಲಿ ಸ್ನಾತಕೋತ್ತರ ಓದಿದ ನೋಂದಾಯಿತ ವೈದ್ಯರೇ ರಿಪೋರ್ಟಿಗೆ ಸಹಿ ಹಾಕಬೇಕು ಅಂದಿತು. ಉದ್ದೇಶ ಸರಿಯಾಗೇ ಇದೆ. ಆದರೆ ತಾಲೂಕಿಗೊಬ್ಬ ಪೆಥಾಲಜಿಸ್ಟು ಎಲ್ಲಿಂದ ಬರಬೇಕು? ಎಷ್ಟೋ ಕಡೆ ಡಾಕ್ಟರ ಸಹಿ ಬರುತ್ತದೆ, ಡಾಕ್ಟರು ಬರುವುದಿಲ್ಲ. ಗುಣಮಟ್ಟಕ್ಕೆ ಅಂತ ಮಾಡಿದ ನಿಯಮ ಸಣ್ಣ ಊರಿನಲ್ಲಿ ಒಂದೋ ಲ್ಯಾಬನ್ನು ಮುಚ್ಚಿಸುತ್ತದೆ, ಇಲ್ಲಾ ಸ್ಕ್ಯಾನ್ ಮಾಡಿದ ಸಹಿಗೆ ತಿಂಗಳ ಬಾಡಿಗೆ ಕೊಡಿಸುತ್ತದೆ. ಇದಕ್ಕೆ ನನ್ನ ಹತ್ತಿರ ಸುಲಭದ ಪರಿಹಾರ ಇಲ್ಲ. ನಂಬುವ ಟೆಕ್ನೀಷಿಯನ್ ಒಬ್ಬರಿದ್ದರೆ ನಾನು ಸಹಿಗಿಂತ ಅವರನ್ನು ನೋಡುತ್ತೇನೆ.

ಬೆಲೆಯೊಳಗೆ ಅಡಗಿರುವ ಇನ್ನೊಂದು ಪಾಲು ಕಮಿಷನ್ನು. ಪರೀಕ್ಷೆ ಬರೆದವರಿಗೆ ಕೊಡುವುದು. 2002ರ ವೈದ್ಯಕೀಯ ನಡವಳಿಕೆ ನಿಯಮಗಳಲ್ಲೇ ಇದಕ್ಕೆ ನಿಷೇಧ ಇದೆ. ನಡೆಯುತ್ತೆ ಅಂತ ಎಲ್ಲರಿಗೂ ಗೊತ್ತು. 'ಇಂಥ ಕಡೆಯೇ ಮಾಡಿಸಿ' ಅಂತ ಒತ್ತಾಯ ಬಂದರೆ ಕಾರಣ ಕೇಳುವ ಹಕ್ಕು ನಿಮಗಿದೆ. ಕೆಲವು ಡಾಕ್ಟರು ನಿಜವಾಗಿಯೂ ಆ ಲ್ಯಾಬಿನ ಕೆಲಸ ನೋಡಿಯೇ ಕಳಿಸುತ್ತಾರೆ, ಅವರು ಕಾರಣವನ್ನೂ ಹೇಳುತ್ತಾರೆ.

ಎಪ್ಪತ್ತು ಎಂಬತ್ತು ಪರೀಕ್ಷೆಗಳ ಪ್ಯಾಕೇಜು ಅಗ್ಗಕ್ಕೆ ಸಿಗುತ್ತೆ ಅಂದಿರಿ. ಆ ಎಂಬತ್ತನ್ನು ಒಂದೊಂದಾಗಿ ಎಣಿಸಿ. ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆ, ಒಂದೇ ಪರೀಕ್ಷೆ, ಅದರೊಳಗಿನ ಇಪ್ಪತ್ತು ಸಾಲನ್ನು ಇಪ್ಪತ್ತು ಪರೀಕ್ಷೆ ಅಂತ ಲೆಕ್ಕ ಹಾಕಿರುತ್ತಾರೆ. ಕೊಲೆಸ್ಟ್ರಾಲನ್ನು ಎಚ್‌ಡಿಎಲ್‌ನಿಂದ ಭಾಗಿಸಿದ್ದೂ ಒಂದು 'ಪರೀಕ್ಷೆ'. ಇನ್ನೊಂದು ಮಾತು. ಮಾಮೂಲಿ ಮಿತಿ ಅಂತ ಪಕ್ಕದಲ್ಲಿ ಬರೆದಿರುತ್ತಾರಲ್ಲ, ಅದು ಸಾಮಾನ್ಯವಾಗಿ ಆರೋಗ್ಯವಂತರಲ್ಲಿ ಶೇ. 95 ಮಂದಿ ಒಳಗೆ ಬರುವಂತೆ ಹಾಕಿದ ಗೆರೆ. ಅಂದರೆ ಏನೂ ಇಲ್ಲದವರಲ್ಲೂ ಶೇ. 5 ಮಂದಿ ಆಚೆ ಇರುತ್ತಾರೆ. ಒಂದಕ್ಕೊಂದು ಸಂಬಂಧ ಇಲ್ಲದ 20 ಪರೀಕ್ಷೆ ಮಾಡಿಸಿದರೆ, ಕನಿಷ್ಠ ಒಂದಾದರೂ ಕೆಂಪಕ್ಷರದಲ್ಲಿ ಬರುವ ಸಾಧ್ಯತೆ ಶೇ. 64. ಆ ಕೆಂಪಿನ ಹಿಂದೆ ಬಿದ್ದರೆ ಪ್ಯಾಕೇಜಿನಲ್ಲಿ ಉಳಿಸಿದ್ದಕ್ಕಿಂತ ಜಾಸ್ತಿ ಖರ್ಚಾಗುತ್ತದೆ. ಇಷ್ಟೆಲ್ಲಾ ಇದ್ದರೂ ನಿಮ್ಮ ತಾಯಿಗೆ ನಿಜವಾಗಿ ಬೇಕಾದ ಒಂದು ಪರೀಕ್ಷೆ ಎಷ್ಟೋ ಪ್ಯಾಕೇಜಿನಲ್ಲಿ ಇರುವುದಿಲ್ಲ. ಮೂತ್ರದ ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ. ಸಕ್ಕರೆ ಕಾಯಿಲೆ ಕಿಡ್ನಿಗೆ ತಾಗಿದೆಯಾ ಅನ್ನುವುದನ್ನು ರಕ್ತದ ಕ್ರಿಯಾಟಿನಿನ್ ಏರುವ ಮೊದಲೇ ತಿಳಿಸುವುದು ಅದು.

ಸರ್ಕಾರಿ ಲ್ಯಾಬನ್ನು ನೀವು ಪ್ರಶ್ನೆಯಲ್ಲೇ ಬಿಟ್ಟುಬಿಟ್ಟಿದ್ದೀರಿ. ಉಚಿತ ಪರೀಕ್ಷೆಗಳ ಕಾರ್ಯಕ್ರಮ ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ 2015ರಿಂದ ಇದೆ. ಯಾವ ಹಂತದ ಆಸ್ಪತ್ರೆಯಲ್ಲಿ ಯಾವ ಪರೀಕ್ಷೆ ಇರಲೇಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2019ರಲ್ಲಿ ಪಟ್ಟಿಯನ್ನೂ ಮಾಡಿದೆ. ಕ್ಷಯಕ್ಕೆ ಕಫ ಪರೀಕ್ಷೆ ಅಲ್ಲಿ ಉಚಿತ. ಬ್ಯಾಟರಿಯಲ್ಲೂ ನಡೆಯುವ ಟ್ರೂನ್ಯಾಟ್ ಮೆಷಿನ್ನು ಬಂದ ಮೇಲೆ ಅದು ಸಣ್ಣ ಊರುಗಳಿಗೂ ಮುಟ್ಟಿದೆ. ಇದಕ್ಕೆ ಖಾಸಗಿಯಲ್ಲಿ ದುಡ್ಡು ಸುರಿಯಬೇಡಿ. ದ್ರಾವಣ ಮುಗಿದಿದೆ, ಮಧ್ಯಾಹ್ನದ ಮೇಲೆ ಯಾರೂ ಇಲ್ಲ ಅನ್ನುವ ಗೋಳು ಅಲ್ಲಿರಬಹುದು, ಹೋಗುವ ಮೊದಲು ಫೋನ್ ಮಾಡಿ ಕೇಳಿ. ಖಾಸಗಿಯಲ್ಲೂ ಕೆಲವಕ್ಕೆ ಮಿತಿ ಇದೆ. 2024ರ ಜುಲೈನಲ್ಲಿ ರಾಜ್ಯ ಸರ್ಕಾರ ಡೆಂಗಿ ಪತ್ತೆಯ ಎಲಿಸಾ ಪರೀಕ್ಷೆಗಳಾದ ಎನ್‌ಎಸ್1ಗೆ 300, ಐಜಿಎಂಗೆ 300, ಬೇಗ ಉತ್ತರ ಕೊಡುವ ಕಾರ್ಡ್ ಪರೀಕ್ಷೆಗೆ 250 ರೂಪಾಯಿ ಅಂತ ಗರಿಷ್ಠ ದರ ಕಟ್ಟಿತು.

ನಿಮ್ಮ ತಾಯಿಗೆ ನಾನಾದರೆ ಹೀಗೆ ಮಾಡುತ್ತೇನೆ. ಶುಗರ್, ಕ್ರಿಯಾಟಿನಿನ್, ಪೊಟ್ಯಾಶಿಯಂ ಬಸ್‌ಸ್ಟ್ಯಾಂಡ್ ಲ್ಯಾಬಿನಲ್ಲಿ, ಕಂಟ್ರೋಲ್ ಬಗ್ಗೆ ಸರಿಯಾದ ಉತ್ತರ ಸಿಕ್ಕಿದ್ದರೆ. ಎಚ್‌ಬಿಎ1ಸಿ, ಟಿಎಸ್‌ಎಚ್ ಕಲೆಕ್ಷನ್ ಸೆಂಟರಿನಲ್ಲಿ, ಪ್ರತಿಸಲವೂ ಅದೇ ಕಂಪನಿಯಲ್ಲಿ. ಲ್ಯಾಬು ಬದಲಾದರೆ ವಿಧಾನ ಬದಲಾಗುತ್ತೆ, ಆಗ ಏರಿದ್ದು ಕಾಯಿಲೆಯೋ ಮೆಷಿನ್ನೋ ಗೊತ್ತಾಗುವುದಿಲ್ಲ. ತಾಯಿ ಕೂದಲು ಉದುರುತ್ತೆ ಅಂತ ಬಯೋಟಿನ್ ಮಾತ್ರೆ ತಗೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿ, ಎರಡು ಮೂರು ದಿನ ಬಿಟ್ಟು ರಕ್ತ ಕೊಡಿಸಿ. ಕೆಲವು ಮೆಷಿನ್ನುಗಳಲ್ಲಿ ಅದು ಟಿಎಸ್‌ಎಚ್ಚನ್ನು ಸುಳ್ಳಾಗಿ ಇಳಿಸಿ ತೋರಿಸುತ್ತದೆ. ರಕ್ತಹೀನತೆ ಇದ್ದರೆ ಅದನ್ನೂ ಹೇಳಿ, ಕಬ್ಬಿಣದ ಕೊರತೆಯಲ್ಲಿ ಎಚ್‌ಬಿಎ1ಸಿ ಇರುವುದಕ್ಕಿಂತ ಜಾಸ್ತಿ ಬರಬಹುದು.

ಇನ್ನು ಆ 142, 118. ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಚುಚ್ಚಿ ನೋಡಿ. ಒಳ್ಳೆಯ ಗ್ಲೂಕೋಮೀಟರಿಗೂ 100ರ ಮೇಲೆ ಶೇ. 15 ಹೆಚ್ಚುಕಮ್ಮಿ ಆಗಲು ಅವಕಾಶ ಇದೆ, ಒಂದೇ ದಿನದ ಅಂಕಿಗೆ ತೀರ್ಪು ಕೊಡಬೇಡಿ. ಮೂರು ನಾಲ್ಕು ಬೆಳಿಗ್ಗೆ ಬರೆದಿಡಿ. ಎಚ್‌ಬಿಎ1ಸಿ ಮಾಡಿಸಿ ಮೂರು ತಿಂಗಳ ಮೇಲಾಗಿದ್ದರೆ ಅದನ್ನೂ ಮಾಡಿಸಿ, ಎರಡು ರಿಪೋರ್ಟಿನ ಮೇಲೂ ರಕ್ತ ಕೊಟ್ಟ ಸಮಯ ಬರೆದು ಡಾಕ್ಟರಿಗೆ ತೋರಿಸಿ. ದೊಡ್ಡ ಕಂಪನಿಯ ರಿಪೋರ್ಟಿನಲ್ಲಿ ರಕ್ತ ತೆಗೆದ ಸಮಯ, ಲ್ಯಾಬಿಗೆ ತಲುಪಿದ ಸಮಯ ಎರಡೂ ಸಾಮಾನ್ಯವಾಗಿ ಮೇಲ್ಗಡೆ ಅಚ್ಚಾಗಿರುತ್ತದೆ. ಎರಡರ ನಡುವೆ ಎಷ್ಟು ಗಂಟೆ ಇದೆ ಅಂತ ನೋಡಿ ಇಲ್ಲೇ ಕಾಮೆಂಟಿನಲ್ಲಿ ಹಾಕಿದರೆ ನಾನೂ ನೋಡಿ ಹೇಳುತ್ತೇನೆ.