ಅಜ್ಜಿಯ ಮುತ್ತಿನ ಸರ: ಹಲ್ಲಿಗೆ ತಿಳಿಯುವುದೆಷ್ಟು, ತೂತು ತೋರಿಸುವುದೆಷ್ಟು

ಪ್ರಶ್ನೆ: ಅಜ್ಜಿ ತೀರಿಕೊಂಡ ಮೇಲೆ ಅವರ ಪೆಟ್ಟಿಗೆಯಲ್ಲಿ ಎರಡು ಮುತ್ತಿನ ಸರ ಸಿಕ್ಕಿವೆ. ಒಂದು ಎರಡೆಳೆ ಸರ. ಮುತ್ತು ಸಣ್ಣವು, ಸ್ವಲ್ಪ ಹಳದಿಗೆ ತಿರುಗಿವೆ, ನಡುನಡುವೆ ಚಿನ್ನದ ಗುಂಡು. ಅದು ಅಜ್ಜಿಯ ಅತ್ತೆಯದಂತೆ. ಇನ್ನೊಂದು ಒಂದೆಳೆ. ದಪ್ಪ ಮುತ್ತು, ಬೆಳ್ಳಗೆ, ಎಲ್ಲ ಒಂದೇ ಅಳತೆ. ಮಂಡಿಪೇಟೆಯ ಅಂಗಡಿಯೊಂದರಲ್ಲಿ ತೋರಿಸಿದೆವು. "ಗುಂಡಿಗೆ ರೇಟ್ ಹೇಳ್ತೀವಿ, ಮುತ್ತಿಗೆ ಹೇಳಲ್ಲ" ಅಂದರು. ನಾನೂ ತಂಗಿಯೂ ಒಂದೊಂದು ಹಂಚಿಕೊಳ್ಳಬೇಕು. ಹಲ್ಲಿಗೆ ಉಜ್ಜಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತೆ ಅಂತಾರೆ, ನಿಜವಾ?
— ಓದುಗರು, ದಾವಣಗೆರೆ

ಉತ್ತರ: ನಿಜ, ಆದರೆ ಅರ್ಧ ಮಾತ್ರ. ಇದು ಮುತ್ತೋ ಅಥವಾ ಮುತ್ತಿನ ಬಣ್ಣ ಬಳಿದ ಮಣಿಯೋ ಅಂತ ಹಲ್ಲಿಗೆ ತಿಳಿಯುತ್ತದೆ. ಕಡಲಲ್ಲಿ ತಾನಾಗಿ ಆದ ಮುತ್ತೋ, ಚಿಪ್ಪನ್ನು ಸಾಕಿ ಬೆಳೆಸಿದ ಕಲ್ಚರ್ ಮುತ್ತೋ ಎನ್ನುವುದು ತಿಳಿಯುವುದಿಲ್ಲ. ಬೆಲೆ ಅಜಗಜಾಂತರ ಆಗುವುದು ಅಲ್ಲೇ.

ಮೊದಲು ಹಲ್ಲಿನ ಪರೀಕ್ಷೆ ಮುಗಿಸಿಬಿಡಿ. ಮುತ್ತನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಮುಂದಿನ ಹಲ್ಲಿನ ಅಂಚಿಗೆ ಹಗುರವಾಗಿ ಆಡಿಸಿ. ಕಚ್ಚಬೇಡಿ. ತರಿತರಿ ಅನ್ನಿಸಿದರೆ ಮುತ್ತು ಇರಬಹುದು. ನುಣ್ಣಗೆ ಜಾರಿದರೆ ಗಾಜು ಅಥವಾ ಪ್ಲಾಸ್ಟಿಕ್. ಮುತ್ತಿನ ಮೈ ಕಣ್ಣಿಗೆ ಎಷ್ಟೇ ನುಣುಪಾಗಿ ಕಂಡರೂ, ಅದು ಸುಣ್ಣದಂಶದ ಅತಿ ತೆಳು ಬಿಲ್ಲೆಗಳು ಒಂದರ ಮೇಲೊಂದು ಕೂತು ಆದದ್ದು. ಹಲ್ಲಿಗೆ ತಾಗುವುದು ಆ ಬಿಲ್ಲೆಗಳ ಅಂಚು. ಕಟ್ಟಿಸಿಕೊಂಡ ಹಲ್ಲಾದರೆ ಇದನ್ನು ನೆಚ್ಚಬೇಡಿ, ಮೊಮ್ಮಕ್ಕಳಿಗೆ ಕೊಡಿ! ಇಲ್ಲವೇ ಕೊಂಡಿಯ ಹತ್ತಿರದ ಎರಡು ಮುತ್ತನ್ನು ಒಂದಕ್ಕೊಂದು ಮೆಲ್ಲಗೆ ಉಜ್ಜಿ. ಅಲ್ಲೂ ಅದೇ ತರಿ ಸಿಗುತ್ತದೆ.

ಒಂದು ಮುತ್ತು ನೋಡಿ ನಿಲ್ಲಿಸಬೇಡಿ. ಹಳೆ ಸರಗಳು ಒಂದೆರಡು ಸಲವಾದರೂ ಹರಿದಿರುತ್ತವೆ. ಮತ್ತೆ ಪೋಣಿಸುವಾಗ ಕಳೆದ ಮುತ್ತಿನ ಜಾಗಕ್ಕೆ ಅಂಗಡಿಯಲ್ಲಿ ಸಿಕ್ಕ ಮಣಿ ಸೇರಿಸಿರುತ್ತಾರೆ. ಒಂದೇ ಸರದಲ್ಲಿ ಅಸಲಿ, ನಕಲಿ ಎರಡೂ ಇರುವುದು ತೀರಾ ಸಾಮಾನ್ಯ. ಪ್ರತಿ ಎಳೆಯಲ್ಲೂ ಅಲ್ಲಲ್ಲಿ ನೋಡಿ.

ಹಲ್ಲಿಗಿಂತ ನಾನು ಜಾಸ್ತಿ ನಂಬುವುದು ತೂತನ್ನು. ಗಡಿಯಾರ ರಿಪೇರಿಯವರ ಬಳಿ ಇರುತ್ತದಲ್ಲ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಅದು ಸಾಕು. ಸರವನ್ನು ಬೆಳಕಿಗೆ ಹಿಡಿದು, ಎರಡು ಮುತ್ತನ್ನು ಸ್ವಲ್ಪ ಸರಿಸಿ, ದಾರ ಒಳಹೋಗುವ ಬಾಯಿ ನೋಡಿ. ನಕಲಿಯಾದರೆ ಅಲ್ಲಿ ಬಣ್ಣದ ಪದರ ಹಳೆ ಗೋಡೆಯ ಸುಣ್ಣದ ಹಾಗೆ ಚಕ್ಕೆ ಎದ್ದಿರುತ್ತದೆ. ಒಳಗೆ ಗಾಜಿನ ಹೊಳಪೋ ಪ್ಲಾಸ್ಟಿಕ್ಕಿನ ಬಿಳಿಯೋ ಇಣುಕುತ್ತದೆ. ಅಸಲಿಯಲ್ಲಿ ತೂತಿನ ಅಂಚು ಚೂಪಾಗಿ, ಶುಭ್ರವಾಗಿ ಇರುತ್ತದೆ.

ಅದೇ ತೂತಿನ ಒಳಗೋಡೆಯಲ್ಲಿ ಒಂದು ಕಪ್ಪು ಗೆರೆ ಸುತ್ತು ಬಂದಿದ್ದರೆ ಅದು ಕಲ್ಚರ್ ಮುತ್ತು. ಸಮುದ್ರದ ಕಲ್ಚರ್ ಮುತ್ತಿಗೆ ಸಾಮಾನ್ಯವಾಗಿ ಸಿಹಿನೀರಿನ ಚಿಪ್ಪಿನಿಂದ ಮಾಡಿದ ಗುಂಡನ್ನೇ ಬೀಜವಾಗಿ ಹಾಕುತ್ತಾರೆ. ಬೀಜ ಮುಗಿದು ಮುತ್ತಿನ ಪದರ ಶುರುವಾಗುವ ಗಡಿಯೇ ಆ ಗೆರೆ. ಆದರೆ ಗೆರೆ ಕಾಣಲಿಲ್ಲ ಅಂತ ಕುಣಿದಾಡಬೇಡಿ. ಹೈದರಾಬಾದಿಗೆ ಪ್ರವಾಸಕ್ಕೆ ಹೋದವರೆಲ್ಲ ತರುವ ಮುತ್ತಿದೆಯಲ್ಲ, ಅದು ಬಹುಪಾಲು ಚೀನಾದ ಸಿಹಿನೀರಿನ ಸಾಕಣೆಯದು. ಅದಕ್ಕೆ ಸಾಮಾನ್ಯವಾಗಿ ಗುಂಡು ಬೀಜ ಹಾಕುವುದಿಲ್ಲ, ಹಾಗಾಗಿ ಗೆರೆಯೂ ಇರುವುದಿಲ್ಲ.

ಇನ್ನು ನಿಮ್ಮ ಎರಡು ಸರದ ವಿಷಯ. ದುಂಡು ಕಲ್ಚರ್ ಮುತ್ತು ಪೇಟೆಗೆ ಬಂದದ್ದು 1920ರ ದಶಕದಲ್ಲಿ, ಜಪಾನಿನಿಂದ. ಎರಡೆಳೆ ಸರ ಅದಕ್ಕೂ ಹಿಂದಿನದು ಅಂತ ಮನೆಯಲ್ಲಿ ಯಾರಾದರೂ ಖಚಿತವಾಗಿ ಹೇಳಬಲ್ಲರಾದರೆ, ಮತ್ತು ಹಲ್ಲಿಗೆ ತರಿತರಿ ಅನ್ನಿಸಿದರೆ, ಅದು ಪರ್ಷಿಯನ್ ಕೊಲ್ಲಿಯಿಂದ ಬರುತ್ತಿದ್ದ ಬಸ್ರಾ ಮುತ್ತಿನಂಥದ್ದು ಇರುವ ಸಾಧ್ಯತೆ ಉಂಟು. ಇನ್ನೂ ಒಂದೆರಡು ಸುಳಿವು ನೋಡಿ. ಮುತ್ತು ಪೂರ್ತಿ ದುಂಡಗಿಲ್ಲದೆ ಅಳತೆಯಲ್ಲಿ ಒಂದಕ್ಕೊಂದು ಹೊಂದದೆ ಇವೆಯೇ? ತೂತು ತೀರಾ ಸಣ್ಣದೇ? ಹಿಂದೆ ಮುತ್ತನ್ನು ತೂಕದ ಲೆಕ್ಕದಲ್ಲಿ ಮಾರುತ್ತಿದ್ದರು. ತೂತು ದೊಡ್ಡದಾದಷ್ಟೂ ಮಾರುವವನಿಗೆ ನಷ್ಟ, ಅದಕ್ಕೇ ಸೂಜಿಮೊನೆಯಷ್ಟು ಕೊರೆಯುತ್ತಿದ್ದರು.

ದಪ್ಪ ಮುತ್ತಿನ ಸರದ ಮೇಲೆ ನನಗೆ ಅನುಮಾನ. ಅಷ್ಟು ದಪ್ಪ, ಅಷ್ಟು ದುಂಡು, ಎಲ್ಲ ಒಂದೇ ಅಚ್ಚು ಅಂದರೆ ಒಂದೋ ತುಂಬಾ ದುಬಾರಿಯದು, ಇಲ್ಲವೇ ನಕಲಿ. ಎರಡನೆಯದೇ ಜಾಸ್ತಿ ಸಿಗುತ್ತದೆ. ಹಳೆಯದು ಅಂದ ಮಾತ್ರಕ್ಕೆ ಅಸಲಿ ಅಂದುಕೊಳ್ಳಬೇಡಿ. ಮೀನಿನ ಹುರುಪೆಯ ಹೊಳಪನ್ನು ಗಾಜಿಗೆ ಲೇಪಿಸಿ ಮುತ್ತು ಮಾಡುವ ವಿದ್ಯೆ ಫ್ರಾನ್ಸಿನಲ್ಲಿ 17ನೇ ಶತಮಾನದಲ್ಲೇ ಇತ್ತು. ಕೈಗೆ ಭಾರ ಇದೆ, ತಣ್ಣಗಿದೆ ಅನ್ನುವುದೂ ಸಾಲದು. ಗಾಜೂ ಭಾರ, ಗಾಜೂ ತಣ್ಣಗೆ.

ಸುಮ್ನೆ ಕೇಳಿದ್ದನ್ನೆಲ್ಲ ಮಾಡಲು ಹೋಗಬೇಡಿ. ವಿನೆಗರ್‌ನಲ್ಲಿ ಹಾಕಿದರೆ ಅಸಲಿ ಮುತ್ತು ಕರಗುತ್ತದೆ ಅನ್ನುವುದು ಸುಳ್ಳಲ್ಲ. ಆದರೆ ಉತ್ತರ ಸಿಗುವ ಹೊತ್ತಿಗೆ ಮುತ್ತು ಹಾಳಾಗಿರುತ್ತದೆ! ಬಿಸಿ ಸೂಜಿ, ಬೆಂಕಿಕಡ್ಡಿ, ಉಗುರಿನ ಬಣ್ಣ ತೆಗೆಯುವ ದ್ರವ, ಯಾವುದೂ ಬೇಡ.

ತಾನಾಗಿ ಆದದ್ದೋ ಕಲ್ಚರೋ ಅಂತ ಖಚಿತವಾಗಿ ಹೇಳುವುದು ಎಕ್ಸ್-ರೇ. ಮೆಡಿಕಲ್ ಕಾಲೇಜುಗಳ ಊರಲ್ಲಿ ಎಕ್ಸ್-ರೇಗೇನು ಬರ ಅಂತ ನೀವು ಕೇಳಬಹುದು. ಮೂಳೆ ನೋಡುವ ಯಂತ್ರದಲ್ಲಿ ಮುತ್ತಿನೊಳಗಿನ ಕೂದಲೆಳೆಯ ಗೆರೆಗಳು ಸರಿಯಾಗಿ ಮೂಡುವುದಿಲ್ಲ, ಅದನ್ನು ನೋಡಿ ಅರ್ಥ ಹೇಳುವವರೂ ಬೇಕಲ್ವಾ? ಇದಕ್ಕೆ ರತ್ನ ಪರೀಕ್ಷೆಯ ಲ್ಯಾಬ್‌ಗೇ ಕಳಿಸಬೇಕು. ಮುಂಬೈ, ಜೈಪುರದಲ್ಲಿ ಅಂಥ ಲ್ಯಾಬ್‌ಗಳಿವೆ. ಮುತ್ತಿಗೆ ಎಕ್ಸ್-ರೇ ಮಾಡುತ್ತಾರಾ, ಶುಲ್ಕ ಎಷ್ಟು ಅಂತ ಮೊದಲೇ ಕೇಳಿ. ಎರಡೆಳೆ ಸರವನ್ನು ಮಾತ್ರ ಕಳಿಸಿ, ಅದೂ ಹಲ್ಲು ಮತ್ತು ತೂತಿನ ಪರೀಕ್ಷೆಯಲ್ಲಿ ಪಾಸಾದರೆ. ವರದಿ ಬರುವವರೆಗೆ ಹಂಚಿಕೆ ತಡೆಹಿಡಿಯಿರಿ. ಅಕ್ಕತಂಗಿಯರ ನಡುವೆ ಮುಂದೆ ಮಾತು ಬರುವುದು ಬೇಡ.

ಅಂಗಡಿಯವರ ಮೇಲೆ ಬೇಸರ ಬೇಡ. ಹಳೆ ಒಡವೆ ಕೊಳ್ಳುವಾಗ ಮುತ್ತು, ಹರಳು ತೆಗೆದು ಚಿನ್ನ ಮಾತ್ರ ತೂಗುವುದು ಎಲ್ಲ ಊರಿನ ರೂಢಿ. ಹಾಲ್‌ಮಾರ್ಕ್ ಇದ್ದರೂ ಅದು ಚಿನ್ನಕ್ಕೆ, ಮುತ್ತಿಗಲ್ಲ.

ಪ್ರಶ್ನೆ: ಅಮ್ಮ ಕೊಟ್ಟ ಮುತ್ತಿನ ಸರ ಮಂಕಾಗಿದೆ. ಹುಣಸೆಹಣ್ಣಿನ ನೀರಲ್ಲಿ ತೊಳೆಯಬಹುದೇ? ಚಿನ್ನದ ಒಂದು ಕೊಂಡಿಯೂ ಬಿಟ್ಟಿದೆ, ಬೆಸುಗೆ ಹಾಕಿಸಬೇಕು.
— ಓದುಗರು, ಚಿತ್ರದುರ್ಗ

ಉತ್ತರ: ಹುಣಸೆಹಣ್ಣು ಹಿತ್ತಾಳೆ ಬಿಂದಿಗೆಗೆ ಇರಲಿ. ಹುಳಿ ಯಾವುದಾದರೂ ಮುತ್ತಿನ ಮೈ ತಿನ್ನುತ್ತದೆ. ನಿಂಬೆಹಣ್ಣೂ ಬೇಡ, ಅಡುಗೆ ಸೋಡಾ ಹಾಕಿ ತಿಕ್ಕುವುದೂ ಬೇಡ. ನೀರಲ್ಲಿ ಅದ್ದಿ ಹಿಂಡಿದ ಮೆತ್ತನೆ ಬಟ್ಟೆಯಿಂದ ಒಂದೊಂದೇ ಮುತ್ತು ಒರೆಸಿ, ನೆರಳಲ್ಲಿ ಹಾಸಿಡಿ. ದಾರ ಒಣಗುವವರೆಗೆ ಹಾಕಿಕೊಳ್ಳಬೇಡಿ. ಮಂಕು ಬೆವರು, ಕೊಬ್ಬರಿಎಣ್ಣೆ, ಅರಿಶಿನದ್ದಾದರೆ ಸ್ವಲ್ಪ ಹೋಗುತ್ತದೆ. ವಯಸ್ಸಿನ ಹಳದಿ ಹೋಗುವುದಿಲ್ಲ, ಬಿಳುಪು ಮಾಡಿಸಲು ಹೋಗಬೇಡಿ.

ಬೆಸುಗೆಗೆ ಮುಂಚೆ ಮುತ್ತೆಲ್ಲ ಬಿಚ್ಚಿಸಿ. ಶಾಖವೂ ಆಗದು, ಬೆಸುಗೆ ಆದಮೇಲೆ ಪತ್ತಾರರು ಚಿನ್ನವನ್ನು ಅದ್ದುವ ಆಸಿಡ್ ಅಂತೂ ಮುತ್ತಿಗೆ ವಿಷ. ಮತ್ತೆ ಪೋಣಿಸುವಾಗ ರೇಷ್ಮೆ ದಾರ ಹಾಕಿಸಿ, ಮುತ್ತು ಮುತ್ತಿನ ನಡುವೆ ಗಂಟು ಕೇಳಿ. ಸರ ಹರಿದರೂ ಒಂದೇ ಮುತ್ತು ಬೀಳುತ್ತದೆ. ನಿಮ್ಮ ಕಡೆ ಒಣಹವೆ. ಲಾಕರಿನಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ವರ್ಷಗಟ್ಟಲೆ ಇಡುವ ಬದಲು ಹತ್ತಿ ಬಟ್ಟೆಯಲ್ಲಿ ಸುತ್ತಿಡಿ, ಆಗಾಗ ಹಾಕಿಕೊಳ್ಳಿ.

ಪ್ರಶ್ನೆ: ಮುತ್ತು ಅಸಲಿ ಅಂತ ಗೊತ್ತಾದರೆ ಚಿನ್ನದ ಸಾಲಕ್ಕೆ ಜಾಸ್ತಿ ದುಡ್ಡು ಸಿಗುತ್ತದೆಯೇ?
— ಓದುಗರು, ದಾವಣಗೆರೆ

ಉತ್ತರ: ಇಲ್ಲ. ಒಡವೆ ಸಾಲದಲ್ಲಿ ಲೆಕ್ಕಕ್ಕೆ ಬರುವುದು ಚಿನ್ನದ ತೂಕ ಮಾತ್ರ, ಮುತ್ತು ಹರಳು ಕಳೆದು. ಇಡಲೇಬೇಕಾದರೆ ಮುತ್ತು ಎಷ್ಟಿವೆ ಅಂತ ಎಣಿಸಿ, ಫೋಟೊ ತೆಗೆದುಕೊಂಡು, ಅವರು ಕೊಡುವ ಚೀಟಿಯಲ್ಲಿ ಒಟ್ಟು ತೂಕ ಬೇರೆ, ಚಿನ್ನದ ತೂಕ ಬೇರೆ ಬರೆಸಿಕೊಳ್ಳಿ.