ಗಣಿತದ ಜೊತೆ ಫಿಸಿಕ್ಸನ್ನೂ ಮೇಜರ್ ಆಗಿ ತಗೊಳ್ಳಬಹುದಾ?

ಬಿಎಸ್‌ಸಿಗೆ ಗಣಿತ ಅಂತೂ ಖಚಿತ, ಫಿಸಿಕ್ಸನ್ನೂ ಎರಡನೇ ಮೇಜರ್ ಮಾಡಿಕೊಂಡರೆ ಹೊರೆ ಆಗುತ್ತಾ ಅಂತ ಕೇಳಿದ್ದೀರಿ. ಆಗುತ್ತೆ. ಆದರೂ ತಗೊಳ್ಳಿ.

ನಾನು 2021ರಲ್ಲಿ ಸೇರಿದವಳು, ಎನ್‌ಇಪಿಯ (ರಾಷ್ಟ್ರೀಯ ಶಿಕ್ಷಣ ನೀತಿಯ) ಮೊದಲ ಬ್ಯಾಚ್. ಮೂರನೇ ವರ್ಷಕ್ಕೆ ಒಂದು ಮೇಜರ್, ಒಂದು ಮೈನರ್ ಮಾಡಿಕೊಳ್ಳಬಹುದಿತ್ತು. ನಾನು ಎರಡನ್ನೂ ಮೇಜರ್ ಆಗಿಯೇ ಇಟ್ಟುಕೊಂಡೆ. 2024-25ರಿಂದ ರಾಜ್ಯದಲ್ಲಿ ಪಠ್ಯಕ್ರಮ ಮತ್ತೆ ಬದಲಾಗಿದೆ. ಹಾಗಾಗಿ ನಿಮ್ಮ ಕಾಲೇಜಲ್ಲಿ ಯಾವ ಕಾಂಬಿನೇಷನ್ ಇದೆ ಅಂತ ಮೊದಲು ವಿಚಾರಿಸಿ.

ಮೊದಲ ಸೆಮಿಸ್ಟರ್ ಗಣಿತದಲ್ಲೇ ನಮಗೆ ಐಗನ್ ವ್ಯಾಲ್ಯೂ, ಅಂದರೆ ಮ್ಯಾಟ್ರಿಕ್ಸ್‌ನಿಂದ ಲೆಕ್ಕ ಹಾಕಿ ತೆಗೆಯುವ ಕೆಲವು ವಿಶೇಷ ಸಂಖ್ಯೆಗಳು, ಬಂದಿತ್ತು. ಲೆಕ್ಕ ಮಾಡಲು ಕಲಿತೆ, ಒಳ್ಳೆ ಅಂಕವೂ ಬಂತು. ಅದು ಏನು ಅಂತ ಮಾತ್ರ ಗೊತ್ತಿರಲಿಲ್ಲ. ಆಮೇಲೊಂದು ದಿನ ಫಿಸಿಕ್ಸ್ ಲ್ಯಾಬಲ್ಲಿ ಮೇಡಂ ಎರಡು ಲೋಲಕಗಳನ್ನು ಪಕ್ಕಪಕ್ಕ ನೇತುಹಾಕಿ, ನಡುವೆ ಒಂದು ಮೆತ್ತನೆ ಸ್ಪ್ರಿಂಗ್ ಸಿಕ್ಕಿಸಿದರು. ಒಂದನ್ನು ಎಳೆದು ಬಿಟ್ಟರು. ಸ್ವಲ್ಪ ಹೊತ್ತಿಗೆ ಅದು ನಿಂತೇ ಹೋಯಿತು. ಮುಟ್ಟದೇ ಇದ್ದ ಇನ್ನೊಂದು ಜೋರಾಗಿ ತೂಗತೊಡಗಿತು. ಮತ್ತೆ ಇದರಿಂದ ಅದಕ್ಕೆ. ಆಮೇಲೆ ಎರಡನ್ನೂ ಒಂದೇ ಕಡೆಗೆ ಎಳೆದು ಬಿಟ್ಟರು. ಈಗ ಯಾವ ಅದಲುಬದಲೂ ಇಲ್ಲ, ಎರಡೂ ಜೊತೆಜೊತೆಗೆ ತೂಗಿದವು. ಎದುರುಬದುರಾಗಿ ಎಳೆದು ಬಿಟ್ಟಾಗಲೂ ಹಾಗೇ, ಆದರೆ ತೂಗಾಟ ಸ್ವಲ್ಪ ಬೇಗ. ಬೋರ್ಡಿನ ಮೇಲೆ ಸಮೀಕರಣ ಬರೆದರೆ ಬಂದಿದ್ದು ಎರಡಕ್ಕೆರಡರ ಒಂದು ಪುಟ್ಟ ಮ್ಯಾಟ್ರಿಕ್ಸ್! ಅದರ ಎರಡು ಐಗನ್ ವ್ಯಾಲ್ಯೂಗಳು ಅಂದರೆ ಆ ಎರಡು ತೂಗಾಟಗಳ ಕೋನೀಯ ಆವರ್ತನದ ವರ್ಗ. ಐಗನ್ ವೆಕ್ಟರ್ ಅಂದರೆ ಮೇಡಂ ಎಳೆದು ಬಿಟ್ಟ ಆ ಎರಡು ರೀತಿ: ಒಂದೇ ಕಡೆಗೆ, ಎದುರುಬದುರಾಗಿ. ಅವತ್ತಿನಿಂದ ನಾನು ಗಣಿತ ಓದುವ ರೀತಿಯೇ ಬದಲಾಯಿತು.

ಹೊರೆ ಅಂದರೆ ಮುಖ್ಯವಾಗಿ ಲ್ಯಾಬ್. ನ್ಯೂಟನ್ಸ್ ರಿಂಗ್ಸ್ ಪ್ರಯೋಗವನ್ನೇ ತಗೊಳ್ಳಿ. ಗಾಜಿನ ಮೇಲೆ ಲೆನ್ಸ್ ಇಟ್ಟು ಸೋಡಿಯಂ ದೀಪದ ಬೆಳಕು ಬಿಟ್ಟಾಗ ಕಾಣುವ ಉಂಗುರಗಳನ್ನು ಅಳೆದು ಆ ಬೆಳಕಿನ ತರಂಗಾಂತರ ಕಂಡುಹಿಡಿಯುವುದು. ಮೈಕ್ರೋಸ್ಕೋಪಿನ ಸ್ಕ್ರೂವನ್ನು ಒಂದೇ ದಿಕ್ಕಿಗೆ ತಿರುಗಿಸುತ್ತಾ ಉಂಗುರ ಎಣಿಸಬೇಕು. ನಡುವೆ ಚೂರು ಹಿಂದಕ್ಕೆ ತಿರುಗಿಸಿದರೂ ಸ್ಕ್ರೂವಿನ ಸಡಿಲದಿಂದ ರೀಡಿಂಗ್ ಕೆಡುತ್ತದೆ, ಮತ್ತೆ ಮೊದಲಿಂದ ಶುರು. ಸೋಡಿಯಂ ಬೆಳಕಿನ ತರಂಗಾಂತರ 5893 ಆಂಗ್‌ಸ್ಟ್ರಾಮ್. ಅದರ ಹತ್ತಿರದ ಉತ್ತರ ಬರುವಷ್ಟರಲ್ಲಿ ಇಡೀ ಮಧ್ಯಾಹ್ನ ಕಳೆದಿರುತ್ತಿತ್ತು. ಬೇರೆ ವಿಷಯದ ಗೆಳತಿಯರು ಅಷ್ಟೊತ್ತಿಗೆ ಬಸ್ ಹತ್ತಿ ಮನೆ ಸೇರಿರುತ್ತಿದ್ದರು. ವಾರದಲ್ಲಿ ಇಷ್ಟು ಹೊತ್ತು ಕೊಡಲು ಮನಸ್ಸಿದೆಯಾ ಅಂತ ಯೋಚಿಸಿ. ಸಾಫ್ಟ್‌ವೇರ್ ಕೆಲಸವೊಂದೇ ಗುರಿಯಾದರೆ ಕಂಪ್ಯೂಟರ್ ಸೈನ್ಸ್ ತಗೊಳ್ಳಿ, ಸುಮ್ನೆ ಯಾಕೆ ಒದ್ದಾಟ?

ಇನ್ನೊಂದು ತೊಡಕು ಪಾಠದ ಕ್ರಮದ್ದು. ನಮಗೆ ಕ್ವಾಂಟಮ್ ಮೆಕ್ಯಾನಿಕ್ಸ್ ಐದನೇ ಸೆಮಿಸ್ಟರ್‌ಗೆ ಬಂತು. ಅದಕ್ಕೆ ಬೇಕಾದ ಲೀನಿಯರ್ ಆಲ್ಜೀಬ್ರಾ ಬಂದಿದ್ದು ಆರನೇದಕ್ಕೆ. ನಿಮಗೂ ಹಾಗೇ ಇದ್ದರೆ ಹಿಂದಿನ ರಜೆಯಲ್ಲೇ ವೆಕ್ಟರ್ ಸ್ಪೇಸ್, ಇನ್ನರ್ ಪ್ರಾಡಕ್ಟ್ ಓದಿಕೊಂಡುಬಿಡಿ.

ಎಂಎಸ್‌ಸಿಗೆ ಎರಡು ದಾರಿ ತೆರೆದಿರುತ್ತದೆ. ಐಐಟಿ ಮುಂತಾದ ಕಡೆ ಎಂಎಸ್‌ಸಿ ಸೇರಲು ಬರೆಯುವ ಪ್ರವೇಶ ಪರೀಕ್ಷೆ ಜ್ಯಾಮ್. 2024ರ ಜ್ಯಾಮ್‌ನಲ್ಲಿ ಗಣಿತ ಬೆಳಗ್ಗೆ, ಫಿಸಿಕ್ಸ್ ಮಧ್ಯಾಹ್ನ ಇತ್ತು, ಎರಡೂ ಮೂರು ಮೂರು ಗಂಟೆಯ ಪೇಪರ್. ನಾನು ಎರಡನ್ನೂ ಬರೆದೆ.

ಸೇರಿದ ಮೇಲೆ ಒಂದು ಅಭ್ಯಾಸ ಮಾಡಿಕೊಳ್ಳಿ. ರೀಡಿಂಗ್ ತಗೊಂಡ ದಿನವೇ ರಾತ್ರಿ ಲೆಕ್ಕ ಮುಗಿಸಿ ರೆಕಾರ್ಡ್ ಬರೆದಿಡಿ. ವಾರ ಕಳೆದರೆ ಯಾವ ಅಂಕಿ ಯಾವ ಉಂಗುರದ್ದು ಅಂತ ನೆನಪಿರಲ್ಲ.